ಗುರು–ಶನಿ ಕೂಡಿದ ಸಂಜೆಯೂ ನಮ್ಮ ಕಾಫಿ ಕಣವೂ



ನಮ್ಮ ಈ ಪತ್ರಿಕೆಯಲ್ಲಿ ಬೋರ್ಡೋ ದ್ರಾವಣದ ಪ್ರಮಾಣ, ಗೊಬ್ಬರದ ದಾಸ್ತಾನು, ಬಿಳಿ ಕಾಂಡಕೊರಕದ ಹತೋಟಿ, ಅಡಿಕೆ ಧಾರಣೆ ಇವುಗಳ ವಿಚಾರ ಬರುತ್ತದೆಯೇ ಹೊರತು ಆಕಾಶದ ವಿಚಾರ ಬರುವುದಿಲ್ಲ. ಬಂದರೂ ಅದು ಮಳೆಯ ಮಟ್ಟಿಗೆ ಮಾತ್ರ. ಆದರೆ ಹೋದ ಸರ್ವಸದಸ್ಯರ ಸಭೆಯ ದಿನ ಊಟದ ಹೊತ್ತಿನಲ್ಲಿ ಹಿರಿಯ ಸದಸ್ಯರೊಬ್ಬರು ನಮ್ಮನ್ನು ಪಕ್ಕಕ್ಕೆ ಕರೆದು, "ಸಂಜೆ ಹೊತ್ತು ಪಡುವಣದಲ್ಲಿ ಎರಡು ದೊಡ್ಡ ಗ್ರಹ ಹತ್ತಿರ ಬಂದ್ರೆ ಕುಯ್ಲಿಗೆ ಕೆಡುಕು ಅಂತಾರಲ್ಲ, ನೀವು ಓದಿದವರು, ನಿಜವಾ ಸೆಕ್ರೆಟ್ರಿಗಳೆ?" ಎಂದು ಕೇಳಿದರು. ಎಲೆ ಮುಂದೆ ಕುಳಿತು ಹೇಳಿ ಮುಗಿಸುವ ಉತ್ತರ ಅದಲ್ಲ. "ಬರೆದು ತಿಳಿಸುತ್ತೇವೆ" ಎಂದು ಮಾತು ಕೊಟ್ಟೆವು. ಆ ಮಾತಿನಂತೆ ಈ ಬರಹ. ಇದರಲ್ಲಿ ನಮ್ಮದೇ ಒಂದು ತಪ್ಪಿನ ಒಪ್ಪಿಗೆಯೂ ಇದೆ. ಓದುಗರು ಮನ್ನಿಸಬೇಕು.

ಕಣದಲ್ಲಿ ನಿಂತು ಕಂಡದ್ದು

2020ನೇ ಇಸವಿ ಡಿಸೆಂಬರ್ 21, ಸೋಮವಾರ. ಕೊರೋನಾ ಕಾಲ. ಹೊರಗಿನಿಂದ ಆಳುಗಳು ಬರುವುದೇ ಕಷ್ಟವಾಗಿ, ಇದ್ದವರನ್ನೇ ಇಟ್ಟುಕೊಂಡು ಅರೇಬಿಕ ಹಣ್ಣು ಕೊಯ್ಯಿಸುತ್ತಿದ್ದೆವು. ಸಂಜೆ ಆರು ಗಂಟೆಯ ಹೊತ್ತಿಗೆ ರೈಟರು ಕೊನೆಯ ಚೀಲದ ತೂಕ ಬರೆದು ಪುಸ್ತಕ ಮುಚ್ಚಿದ್ದರು. ಪಲ್ಪರ್ ಓಡುತ್ತಿತ್ತು. ಸೂರ್ಯ ಮುಳುಗಿ ಅರ್ಧ ಗಂಟೆ ಆಗಿರಬಹುದು. ಪಶ್ಚಿಮಕ್ಕೆ, ಸ್ವಲ್ಪ ನೈರುತ್ಯಕ್ಕೆ ವಾಲಿದ ಹಾಗೆ, ಗುಡ್ಡದ ತಲೆಯ ಮೇಲೆ ಒಂದು ದೀಪ ಹಚ್ಚಿಟ್ಟಂತೆ ಕಾಣುತ್ತಿತ್ತು.

ಅದು ಅಂದು ದಿಢೀರನೆ ಬಂದದ್ದಲ್ಲ. ಡಿಸೆಂಬರ್ ತಿಂಗಳ ಮೊದಲಿನಿಂದಲೂ ನಾವು ನೋಡುತ್ತಾ ಬಂದಿದ್ದೆವು. ತಿಂಗಳ ಆರಂಭದಲ್ಲಿ ಗುರು ಕೆಳಗೆ, ಶನಿ ಮೇಲೆ, ನಡುವೆ ಚಂದ್ರಬಿಂಬವನ್ನು ನಾಲ್ಕು ಸಲ ಇಡುವಷ್ಟು ಎಡೆ. ದಿನದಿಂದ ದಿನಕ್ಕೆ ಆ ಎಡೆ ಕಿರಿದಾಗುತ್ತಾ ಬಂತು. 17ನೇ ತಾರೀಕಿನ ಸಂಜೆ ಬಿದಿಗೆ ತದಿಗೆಯ ತೆಳುವಾದ ಚಂದ್ರನೂ ಅವುಗಳ ಸ್ವಲ್ಪ ಮೇಲೆ ಇದ್ದ. 21ರಂದು ಎರಡರ ನಡುವೆ ಉಳಿದಿದ್ದ ಅಂತರ ಒಂದು ಡಿಗ್ರಿಯ ಹತ್ತನೆಯ ಒಂದು ಪಾಲು, ಎಂದರೆ ಚಂದ್ರಬಿಂಬದ ಅಗಲದ ಐದನೆಯ ಒಂದು ಭಾಗ ಮಾತ್ರ.

ಕನ್ನಡಕದವರಾದ ನಮಗೆ ಅದು ಒಂದೇ ದೀಪವಾಗಿ ಕಂಡಿತು. ಅಲ್ಲಿದ್ದ ಹಲವರಿಗೂ ಹಾಗೆಯೇ. ಅಡಿಕೆ ಕೊನೆ ತೆಗೆದ ಲೆಕ್ಕ ಕೇಳಲು ಬಂದಿದ್ದ ಕೊನೆಗಾರ ಮಾತ್ರ ಒಂದು ನಿಮಿಷ ಕಣ್ಣು ಕಿರಿದು ಮಾಡಿ ನೋಡಿ, "ಎರಡು ಉಂಟಲ್ಲ ಅಯ್ಯಾ, ಬಲಬದಿಗೆ ಸಣ್ಣದು ಒಂದು ಅಂಟಿಕೊಂಡದೆ" ಎಂದ. ಅರುವತ್ತು ಅಡಿ ಮರದ ತಲೆಯಲ್ಲಿ ಹಣ್ಣು ಯಾವುದು, ಹಸಿ ಯಾವುದು ಎಂದು ಗುರುತಿಸುವ ಕಣ್ಣು ಅದು. ಅವನು ಹೇಳಿದ್ದು ಸರಿಯಾಗಿತ್ತು. ದೊಡ್ಡದು ಗುರು, ಬಲಕ್ಕಿದ್ದ ಸಣ್ಣದು ಶನಿ. ಬೆಳಕಿನಲ್ಲಿ ಗುರು ಅಂದು ಶನಿಗಿಂತ ಸುಮಾರು ಹತ್ತು ಪಟ್ಟು ಹೆಚ್ಚು.

ಮನೆಯಲ್ಲಿದ್ದ ಹಳೆಯ ಬೈನಾಕ್ಯುಲರನ್ನು ತಂದು ಕಣದ ಕಟ್ಟೆಯ ಮೇಲೆ ಒರಗಿಸಿ ಎಲ್ಲರಿಗೂ ತೋರಿಸಿದೆವು. ಅದರಲ್ಲಿ ಎರಡೂ ಬೇರೆ ಬೇರೆಯಾಗಿ ಕಂಡವು. ಕೈ ಅಲುಗದಂತೆ ಹಿಡಿದವರಿಗೆ ಗುರುವಿನ ಪಕ್ಕದಲ್ಲಿ ಸಾಸಿವೆ ಕಾಳಿನಂಥ ಚುಕ್ಕಿಗಳೂ ಕಂಡವು. ಅವು ಗುರುವಿನ ಚಂದ್ರರು. 1610ರ ಜನವರಿಯಲ್ಲಿ ಇಟಲಿಯ ಗೆಲಿಲಿಯೋ ತನ್ನ ದೂರದರ್ಶಕದಲ್ಲಿ ಕಂಡ ನಾಲ್ಕು ಚಂದ್ರರು ಇವೇ. ಶನಿಯ ಬಳೆ ಕಾಣಲು ಬೈನಾಕ್ಯುಲರ್ ಸಾಲದು. ಇಪ್ಪತ್ತೈದು ಮೂವತ್ತು ಪಟ್ಟು ಹಿಗ್ಗಿಸುವ ದೂರದರ್ಶಕ ಬೇಕು. ಅಂಥದ್ದು ಇದ್ದವರು ಆ ಸಂಜೆ ಒಂದೇ ನೋಟದಲ್ಲಿ ಗುರುವಿನ ಚಂದ್ರರನ್ನೂ ಶನಿಯ ಬಳೆಯನ್ನೂ ಒಟ್ಟಿಗೆ ನೋಡಿದರು. ಅದು ಎಲ್ಲ ತಲೆಮಾರಿಗೂ ಸಿಕ್ಕುವ ಭಾಗ್ಯವಲ್ಲ.

ಎಂಟು ಗಂಟೆ ದಾಟುತ್ತಿದ್ದಂತೆ ಜೋಡಿ ಗುಡ್ಡದ ಹಿಂದೆ ಇಳಿಯಿತು. ಮರುದಿನದಿಂದ ಗುರು ಮೇಲೆ, ಶನಿ ಕೆಳಗೆ. ಓಟದಲ್ಲಿ ಒಬ್ಬನು ಇನ್ನೊಬ್ಬನನ್ನು ಹಿಂದೆ ಹಾಕಿದ್ದನ್ನು ಕಣದಲ್ಲಿ ನಿಂತೇ ನೋಡಿದಂತಾಯಿತು.

ಹತ್ತಿರ ಬಂದದ್ದು ಎಷ್ಟು ಹತ್ತಿರ?

ಈಗ ಮೊದಲನೆಯ ತಿಳಿವಳಿಕೆ. ಗುರುವೂ ಶನಿಯೂ ಅಂದು ಒಂದರ ಪಕ್ಕಕ್ಕೆ ಒಂದು ಹೋಗಿ ನಿಂತಿರಲಿಲ್ಲ. ಗುರು ನಮ್ಮಿಂದ ಸುಮಾರು 89 ಕೋಟಿ ಕಿಲೋಮೀಟರ್ ದೂರದಲ್ಲಿದ್ದರೆ ಶನಿ ಸುಮಾರು 162 ಕೋಟಿ ಕಿಲೋಮೀಟರ್ ದೂರದಲ್ಲಿತ್ತು. ಎರಡರ ನಡುವೆ 70 ಕೋಟಿಗೂ ಮೀರಿದ ಅಂತರ. ಭೂಮಿಯಿಂದ ಸೂರ್ಯನಿಗೆ ಇರುವ ದೂರ 15 ಕೋಟಿ ಎಂಬುದನ್ನು ನೆನೆದರೆ ಈ ಅಂತರ ಎಷ್ಟೆಂದು ಊಹೆಗೆ ಬರುತ್ತದೆ. ನಾವು ಕಂಡ ಗುರುವಿನ ಬೆಳಕು ಅಲ್ಲಿಂದ ಹೊರಟು ಮುಕ್ಕಾಲು ಗಂಟೆಯ ಮೇಲಾಗಿತ್ತು. ಶನಿಯ ಬೆಳಕು ಹೊರಟು ಒಂದೂವರೆ ಗಂಟೆ.

ಮನೆಯ ಜಗಲಿಯಲ್ಲಿ ಕುಳಿತು ನೋಡಿದರೆ ಅಂಗಳದ ತುದಿಯ ಬಾಳೆಗಿಡವೂ ಆಚೆ ಗುಡ್ಡದ ಸಿಲ್ವರ್ ಓಕ್ ಮರವೂ ಒಂದೇ ಗೆರೆಯಲ್ಲಿ ಬಂದು ತಾಗಿಕೊಂಡಂತೆ ಕಾಣುವುದಿಲ್ಲವೆ? ಗ್ರಹಗಳು ಕೂಡುವುದೂ ಅಷ್ಟೇ. ಶಾಸ್ತ್ರದಲ್ಲಿ ಇದಕ್ಕೆ ಯುತಿ ಎನ್ನುತ್ತಾರೆ. ಇದು ನೋಟದ ಕೂಟ, ಮೈಯ ಕೂಟವಲ್ಲ.

ಇಪ್ಪತ್ತು ವರ್ಷದ ಲೆಕ್ಕ

ಗುರು–ಶನಿ ಯುತಿ ಸುಮಾರು ಇಪ್ಪತ್ತು ವರ್ಷಕ್ಕೊಮ್ಮೆ ಬರುತ್ತದೆ. ಇದರ ಲೆಕ್ಕ ಪಂಚಾಂಗ ನೋಡುವ ನಮ್ಮ ಸದಸ್ಯರಿಗೆ ಬಾಯಿಪಾಠವಾಗಿಯೇ ಇದೆ. ಗುರು ಒಂದು ರಾಶಿಯಲ್ಲಿ ಹೆಚ್ಚುಕಡಿಮೆ ಒಂದು ವರ್ಷ, ಶನಿ ಎರಡೂವರೆ ವರ್ಷ. ಏಳೂವರೆ ಶನಿ ಎಂಬ ಮಾತು ಬಂದದ್ದೂ ಹೀಗೆಯೇ: ಮೂರು ರಾಶಿಗೆ ಎರಡೂವರೆಯಂತೆ ಏಳೂವರೆ. ಗುರು ಸೂರ್ಯನನ್ನು ಒಂದು ಸುತ್ತು ಹಾಕಲು 11.86 ವರ್ಷ, ಶನಿಗೆ 29.46 ವರ್ಷ. ಗುರು ವರ್ಷಕ್ಕೆ 30 ಡಿಗ್ರಿಗಿಂತ ತುಸು ಹೆಚ್ಚು ನಡೆಯುತ್ತದೆ, ಶನಿ 12 ಡಿಗ್ರಿ ಚಿಲ್ಲರೆ. ಆದುದರಿಂದ ವರ್ಷಕ್ಕೆ 18 ಡಿಗ್ರಿಯಷ್ಟು ಗುರು ಮುಂದಾಗುತ್ತದೆ. 360ನ್ನು 18ರಿಂದ ಭಾಗಿಸಿರಿ: ಇಪ್ಪತ್ತು. ಚಿಲ್ಲರೆಯನ್ನೂ ಹಿಡಿದರೆ 19.86 ವರ್ಷ.

ಮೂರು ಯುತಿಗಳಾದ ಮೇಲೆ, ಎಂದರೆ ಅರುವತ್ತು ವರ್ಷಕ್ಕೆ, ಈ ಜೋಡಿ ಆಕಾಶದ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಮತ್ತೆ ಕೂಡುತ್ತದೆ. ಪ್ರಭವದಿಂದ ಅಕ್ಷಯದವರೆಗೆ ನಮ್ಮ ಸಂವತ್ಸರಗಳೂ ಅರುವತ್ತೇ. 2020ರ ಯುತಿ ಆದದ್ದು ಶಾರ್ವರಿ ಸಂವತ್ಸರದಲ್ಲಿ, ಮಕರ ರಾಶಿಯಲ್ಲಿ. ಅದಕ್ಕೆ ಹಿಂದಿನ ಶಾರ್ವರಿಯಲ್ಲಿ, 1961ರ ಫೆಬ್ರವರಿಯಲ್ಲಿ, ಇದೇ ಗುರು–ಶನಿ ಇದೇ ಮಕರದಲ್ಲಿ ಕೂಡಿದ್ದವು. ದೂರದರ್ಶಕವಿಲ್ಲದ ಕಾಲದಲ್ಲಿ ಬರಿಗಣ್ಣಿನಿಂದ ನೋಡಿ ಇಂಥ ಲೆಕ್ಕ ಹಿಡಿದ ಹಿರಿಯರಿಗೆ ನಾವು ತಲೆಬಾಗಬೇಕು. ಪಂಚಾಂಗದ ಗಣಿತ ಬೇರೆ, ಅದರ ಮೇಲೆ ಕಟ್ಟುವ ಫಲ ಬೇರೆ. ಗಣಿತ ಸರಿಯಾಗಿದೆ ಎಂಬ ಕಾರಣಕ್ಕೆ ಫಲವೂ ಸರಿ ಎಂದು ಹೇಳಲಾಗದು.

ಹಾಗಾದರೆ 2020ರ ಯುತಿಗೆ ಅಷ್ಟು ಹೆಸರೇಕೆ? ಎರಡು ಗ್ರಹಗಳ ದಾರಿಗಳೂ ಒಂದೇ ಮಟ್ಟದಲ್ಲಿಲ್ಲ. ಒಂದಕ್ಕೊಂದು ಸ್ವಲ್ಪ ಓರೆ. ಹೀಗಾಗಿ ಬಹುಪಾಲು ಯುತಿಗಳಲ್ಲಿ ಒಂದು ಇನ್ನೊಂದರ ಮೇಲಕ್ಕೋ ಕೆಳಕ್ಕೋ ಸರಿದು ಹೋಗುತ್ತದೆ. ಇಷ್ಟು ಹತ್ತಿರ ಅವು ಹಿಂದೆ ಬಂದದ್ದು 1623ರ ಜುಲೈಯಲ್ಲಿ. ಆಗ ಕೆಳದಿಯ ವೆಂಕಟಪ್ಪ ನಾಯಕನ ಆಳ್ವಿಕೆ. ಅದೇ ವರ್ಷ ನವೆಂಬರಿನಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಲ್ಲೆ ನಮ್ಮ ಮಲೆನಾಡಿನ ಇಕ್ಕೇರಿಗೆ ಬಂದಿದ್ದ. ಆದರೆ ಆ ಯುತಿ ಸೂರ್ಯನಿಗೆ ತೀರ ಸಮೀಪದಲ್ಲಿ ಆದದ್ದರಿಂದ ಕಣ್ಣಿಗೆ ಸಿಕ್ಕುವುದು ಕಷ್ಟವಿತ್ತು. ನಮ್ಮ ಕಡೆಯಲ್ಲಂತೂ ಜುಲೈ ಎಂದರೆ ಆಕಾಶವೇ ಕಾಣದ ತಿಂಗಳು. ಚೆನ್ನಾಗಿ ಕಾಣುವಂತೆ ಇಷ್ಟು ಸಮೀಪ ಬಂದದ್ದು ಅದಕ್ಕೂ ಹಿಂದೆ, 1226ರ ಮಾರ್ಚಿ 4ರ ಬೆಳಗಿನ ಜಾವ; ಹೊಯ್ಸಳರ ಎರಡನೆಯ ನರಸಿಂಹನ ಕಾಲ. ಸುಮಾರು ಎಂಟುನೂರು ವರ್ಷದ ಮೇಲೆ ಬಂದ ನೋಟವನ್ನು ನಮ್ಮ ಆಳುಗಳು ಹಣ್ಣಿನ ಚೀಲ ಇಳಿಸಿ ಬೆವರು ಒರೆಸಿಕೊಳ್ಳುತ್ತಾ ಕಂಡರು.

ಅಜ್ಜನವರ ಕಿರ್ದಿ ಪುಸ್ತಕ

ಭಯದ ವಿಚಾರಕ್ಕೆ ಬರೋಣ. ಹಳಬರಿಗೆ ಅಷ್ಟಗ್ರಹ ಕೂಟದ ನೆನಪಿರಬಹುದು. 1962ರ ಫೆಬ್ರವರಿ 3ರಿಂದ 5ರವರೆಗೆ ಸೂರ್ಯ, ಚಂದ್ರ, ಬುಧ, ಶುಕ್ರ, ಕುಜ, ಗುರು, ಶನಿ ಇವೆಲ್ಲ ಮಕರ ರಾಶಿಯಲ್ಲಿ ಸೇರಿದವು. ಕೇತುವನ್ನೂ ಲೆಕ್ಕಕ್ಕೆ ಹಿಡಿದು ಎಂಟು ಎಂದರು. ಹಿಂದಿನ ವರ್ಷವಷ್ಟೇ ಅಲ್ಲಿ ಕೂಡಿದ್ದ ಗುರು–ಶನಿ ಇನ್ನೂ ಅದೇ ರಾಶಿಯಲ್ಲಿದ್ದವು. ಉಳಿದವು ಬಂದು ಸೇರಿಕೊಂಡವು. ಪ್ರಳಯವೇ ಆಗುತ್ತದೆಂದು ದೇಶದ ಉದ್ದಗಲಕ್ಕೂ ಹಬ್ಬಿತು. ಊರೂರಿನಲ್ಲಿ ಹೋಮ, ಯಜ್ಞ, ಭಜನೆ.

ನಾವು ಆಗ ಹುಟ್ಟಿರಲಿಲ್ಲ. ನಮ್ಮ ತಂದೆಯವರು ಹೇಳುತ್ತಿದ್ದ ಕಥೆ ಇದು. ಆ ವರ್ಷ ಅಜ್ಜನವರ ಮನೆಯಲ್ಲಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿ ಮೂಟೆ ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದರು. ಯುಗಾದಿ ಕಳೆದು ಧಾರಣೆ ನೋಡಿ ಕೊಡುವುದು ವಾಡಿಕೆ. ಜನವರಿ ಕೊನೆಯಲ್ಲಿ ಪೇಟೆಯ ವ್ಯಾಪಾರಿಯೊಬ್ಬರು ಮನೆಗೆ ಬಂದು, ಲೋಕವೇ ಏನಾಗುವುದೋ ತಿಳಿಯದು, ಬಂದಷ್ಟು ಹಣ ಕೈಯಲ್ಲಿರುವುದು ಲೇಸಲ್ಲವೆ ಎಂದರಂತೆ. ಅಜ್ಜನವರು ಅಷ್ಟನ್ನೂ ಅವರು ಹೇಳಿದ ಬೆಲೆಗೆ ತೂಗಿಸಿಬಿಟ್ಟರು. ಬಂದ ಹಣದಲ್ಲಿ ಒಂದು ಪಾಲು ಶಾಂತಿ ಹೋಮಕ್ಕೆ ಹೋಯಿತು. ಫೆಬ್ರವರಿ 5 ಬಂತು, ಹೋಯಿತು. 6ನೇ ತಾರೀಕು ಎಂದಿನಂತೆ ಬೆಳಗಾಯಿತು, ದನಗಳು ಕೂಗಿದವು, ಹಾಲು ಕರೆದರು. ಏಪ್ರಿಲ್‌ನಲ್ಲಿ ಅಕ್ಕಪಕ್ಕದವರು ಮಾರಿದ ಧಾರಣೆಯನ್ನು ಅಜ್ಜನವರು ತಮ್ಮ ಕಿರ್ದಿ ಪುಸ್ತಕದ ಅಂಚಿನಲ್ಲಿ ಬರೆದಿಟ್ಟುಕೊಂಡಿದ್ದಾರೆ. ಅದರ ಮುಂದೆ ಏನನ್ನೂ ಬರೆದಿಲ್ಲ. ಆ ಬರೀ ಅಂಕೆ ಸಾಕು.

ತಂದೆಯವರು ಇದನ್ನು ಹೇಳಿ ಮುಗಿಸುವಾಗ ಪ್ರತಿ ಸಲವೂ ಕೇಳುತ್ತಿದ್ದ ಪ್ರಶ್ನೆ ಒಂದೇ: "ಪ್ರಳಯ ಆಗ್ತದೆ ಅಂತ ನಂಬಿದವ ಅಡಿಕೆ ಯಾಕೆ ಕೊಂಡ?" ಸಹಕಾರ ಸಂಘ ಏತಕ್ಕೆ ಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಭಾಷಣ ನಮಗೆ ಗೊತ್ತಿಲ್ಲ.

ಜನವರಿಯ ಮಳೆ

ಈಗ ನಮ್ಮ ತಪ್ಪು. 2020ರ ಯುತಿ ಕಳೆದು ಎರಡು ವಾರಕ್ಕೆ, 2021ರ ಜನವರಿಯ ಆರಂಭದಲ್ಲಿ, ಚಿಕ್ಕಮಗಳೂರು, ಹಾಸನ, ಕೊಡಗು ಜಿಲ್ಲೆಗಳ ಕಾಫಿ ಸೀಮೆಯಲ್ಲಿ ಅಕಾಲ ಮಳೆ ಸುರಿದದ್ದು ಎಲ್ಲ ಸದಸ್ಯರಿಗೂ ನೆನಪಿದೆ. ಗಿಡದಲ್ಲಿದ್ದ ಹಣ್ಣು ಬಿರಿದು ನೆಲಕ್ಕೆ ಉದುರಿತು. ಕಣದಲ್ಲಿದ್ದದ್ದು ನೆನೆಯಿತು. ಸುಲಿದ ಅಡಿಕೆಗೆ ಬಿಸಿಲಿಲ್ಲದೆ ಬೂಷ್ಟು ಬಂತು.

ಮಳೆಯ ಮುನ್ಸೂಚನೆಯನ್ನು ನಾವು ಹಿಂದಿನ ದಿನವೇ ಕೇಳಿದ್ದೆವು. ಆದರೆ ಆ ತಿಂಗಳಿಡೀ ಸಂಜೆ ಸಂಜೆ ಆಕಾಶ ನೋಡಿ ನೋಡಿ ನಮಗೆ ಒಂದು ಬಗೆಯ ಗರ್ವ ಬಂದಿತ್ತು. ಅಂದು ರಾತ್ರಿಯೂ ಕಣಕ್ಕೆ ಬಂದು ಕತ್ತೆತ್ತಿ ನೋಡಿದೆವು. ತಲೆಯ ಮೇಲೆ ನಕ್ಷತ್ರಗಳು ಕಿಕ್ಕಿರಿದಿದ್ದವು. "ಇಷ್ಟು ಚುಕ್ಕಿ ಇರುವಾಗ ಎಲ್ಲಿಯ ಮಳೆ" ಎಂದು ಮೇಸ್ತ್ರಿಗೆ ಹೇಳಿ, ಪಾರ್ಚ್‌ಮೆಂಟನ್ನು ರಾಶಿ ಮಾಡಿಸದೆ, ಟಾರ್ಪಾಲು ಹೊದಿಸದೆ ಮಲಗಿದೆವು. ಬೆಳಗಿನ ಜಾವ ಹೆಂಚಿನ ಮೇಲೆ ಸದ್ದು ಕೇಳಿ ಎದ್ದು ಓಡುವಷ್ಟರಲ್ಲಿ ಕಣದಲ್ಲಿ ನೀರು ಹರಿಯುತ್ತಿತ್ತು. ನಾಲ್ಕು ದಿನ ಒಣಗಿದ್ದ ಪಾರ್ಚ್‌ಮೆಂಟು ಕಪ್ಪಾಗಿ ಹುಳಿ ವಾಸನೆ ಹೊಡೆಯಿತು. ಸಂಘದ ಕಾರ್ಯದರ್ಶಿಯ ಕಣದಲ್ಲೇ ಹೀಗಾಯಿತೆಂದು ನಾಲ್ಕು ಜನ ನಕ್ಕರು. ನಗಬೇಕಾದ್ದೇ.

ಆ ದಿನಗಳಲ್ಲಿ ಎಲ್ಲಿ ಹೋದರೂ ಒಂದೇ ಮಾತು: "ಗುರು–ಶನಿ ಕೂಡಿದ್ದಕ್ಕೆ ಹೀಗಾಯ್ತು." ನಮ್ಮ ಆಳುಗಳಿಗೆ ಗುರು–ಶನಿಯನ್ನು ಕರೆದು ತೋರಿಸಿದವರೇ ನಾವಾದ್ದರಿಂದ ಅವರ ಕಣ್ಣಿನಲ್ಲಿ ನಾವು ಅರ್ಧ ಅಪರಾಧಿಗಳು.

ನಮ್ಮ ಸಂಘದ ಸಣ್ಣ ಹಿಡುವಳಿಯ ಹಿರಿಯ ಸದಸ್ಯರೊಬ್ಬರು ಬೆಳೆಹಾನಿಯ ಅರ್ಜಿ ಕೊಡಲು ಒಪ್ಪಲೇ ಇಲ್ಲ. ನಮ್ಮ ಗುಮಾಸ್ತರು ಎರಡು ಸಲ ಹೇಳಿ ಕಳುಹಿಸಿದರು. ಕೊನೆಗೆ ನಾವೇ ಅವರ ಮನೆಗೆ ಹೋದೆವು. ಜಗಲಿಯಲ್ಲಿ ಬೂಷ್ಟು ಬಂದ ಅಡಿಕೆ ಹರವಿಕೊಂಡು ಕುಳಿತಿದ್ದರು. ಬೆಲ್ಲ ನೀರು ಕೊಟ್ಟು, "ಗ್ರಹಚಾರಕ್ಕೆ ಅರ್ಜಿ ಬರೆದ್ರೆ ಆಗ್ತದಾ ಮಾರಾಯ್ರೆ? ಶಾಂತಿ ಮಾಡ್ಸೂದು ಒಂದೇ ದಾರಿ. ಸಂಘದಿಂದ ಸ್ವಲ್ಪ ಸಾಲ ಸಿಕ್ಕಿದ್ರೆ ಅದಾದ್ರೂ ಆಗ್ತಿತ್ತು" ಎಂದರು.

ಆ ಜೋಡಿಯನ್ನು ತೋರಿಸಿ ಹೇಳೋಣವೆಂದರೆ ಆಕಾಶದ ತುಂಬ ಮೋಡ. ಆ ವಾರ ಗುರು–ಶನಿಯ ಹತ್ತಿರಕ್ಕೆ ಬುಧನೂ ಬಂದು ಸೇರುತ್ತಿದ್ದ. ಅದನ್ನು ನೋಡುವ ಯೋಗ ನಮ್ಮ ಕಡೆಯವರಿಗೆ ಇರಲಿಲ್ಲ. ತಿಂಗಳ ಕೊನೆಗೆ ಗುರು, ಶನಿ ಎರಡೂ ಸೂರ್ಯನ ಬೆಳಕಿನಲ್ಲಿ ಮುಳುಗಿ ಹೋದವು. ಆದುದರಿಂದ ಬಾಯಿಮಾತಿನಲ್ಲೇ ಹೇಳಬೇಕಾಯಿತು.

ಸಮುದ್ರ ಉಕ್ಕುವುದು ಇಳಿಯುವುದು ಚಂದ್ರನಿಂದ ಎಂಬುದು ಅವರಿಗೆ ಗೊತ್ತಿತ್ತು. ಗುರು ದೊಡ್ಡವನೇ ಇರಬಹುದು, ಆದರೆ ದೂರ ಅಷ್ಟಿರುವುದರಿಂದ ಗುರುವಿನಿಂದ ಆಗುವ ಆ ಬಗೆಯ ಸೆಳೆತ ಚಂದ್ರನದರ ಲಕ್ಷದಲ್ಲಿ ಒಂದು ಪಾಲೂ ಇಲ್ಲ ಎಂದೆವು. ಅವರು ತಲೆದೂಗಿದರು, ಒಪ್ಪಲಿಲ್ಲ. ಕೊನೆಗೆ ಬೇರೆ ದಾರಿ ಕಾಣದೆ ನಿಜ ಹೇಳಿಬಿಟ್ಟೆವು. "ಯಜಮಾನ್ರೆ, ನಮ್ಮ ಕಣದಲ್ಲೂ ನೆನೆದಿದೆ. ಗ್ರಹದಿಂದಲ್ಲ. ಮಳೆ ಬರ್ತದೆ ಅಂತ ಕೇಳಿಯೂ ನಾವು ಟಾರ್ಪಾಲು ಹಾಕಲಿಲ್ಲ. ಅಷ್ಟೇ. ಗ್ರಹದ ಮೇಲೆ ಹಾಕಿದ್ರೆ ಬರುವ ವರ್ಷವೂ ನಾವು ಟಾರ್ಪಾಲು ಹಾಕೂದಿಲ್ಲ."

ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಒಳಗಿನಿಂದ ಪಹಣಿ ಪತ್ರ ತಂದು ಕೊಟ್ಟು, ಎಲ್ಲಿ ರುಜು ಹಾಕಬೇಕೆಂದು ಕೇಳಿದರು. ಪರಿಹಾರವೆಂದು ಬಂದ ಹಣ ದೊಡ್ಡದಲ್ಲ; ಬಂದದ್ದೂ ತಡವಾಗಿ. ಆದರೆ ಬಂತು. ಶಾಂತಿಗೆಂದು ಸಾಲ ತೆಗೆಯಲಿಲ್ಲ. ಅದರಲ್ಲೇ ಅವರು ಮರುವರ್ಷ ಅಡಿಕೆ ಅಂಗಳಕ್ಕೆ ಹೊದಿಕೆ ಹಾಕಿಸಿಕೊಂಡರು. ದೇವರ ಪೂಜೆ ಎಂದಿನಂತೆ ನಡೆಸಿಕೊಂಡು ಬರುತ್ತಿದ್ದಾರೆ. ಅದರಲ್ಲಿ ನಮ್ಮ ತಕರಾರು ಏನೂ ಇಲ್ಲ.

ಇನ್ನೂ ಸಂಶಯ ಉಳಿದವರಿಗೆ ಒಂದು ಮಾತು. 2021ರ ನವೆಂಬರಿನಲ್ಲಿಯೂ ನಮ್ಮ ಸೀಮೆಗೆ ಕೊಯ್ಲಿನ ಹೊತ್ತಿಗೆ ಭಾರಿ ಮಳೆ ಬಿದ್ದು ಹಣ್ಣು ಹಾಳಾಯಿತು. ಆಗ ಗುರುವಿಗೂ ಶನಿಗೂ 15 ಡಿಗ್ರಿಗೂ ಮೀರಿದ ದೂರವಿತ್ತು. ಕೂಡಿದಾಗಲೂ ಮಳೆ, ಅಗಲಿದಾಗಲೂ ಮಳೆ ಎಂದಾದರೆ ಕೂಡಿದ್ದು ಮಳೆಗೆ ಕಾರಣ ಹೇಗಾದೀತು? ಮಳೆ ಬರುವುದು ಸಮುದ್ರದ ಮೇಲಿನ ತೇವದ ಗಾಳಿಯಿಂದ. ಅದನ್ನು ತಿಳಿಯಲು ಪಶ್ಚಿಮದ ಗ್ರಹವನ್ನು ನೋಡಿ ಪ್ರಯೋಜನವಿಲ್ಲ. ಮುನ್ಸೂಚನೆ ಕೇಳಬೇಕು, ಕೇಳಿದ ಮೇಲೆ ನಂಬಬೇಕು.

ನೋಡುವ ಕ್ರಮ

ಹೆದರಿಕೆ ಬಿಟ್ಟ ಮೇಲೆ ಸಂತೋಷಪಡಲು ಬೇಕಾದಷ್ಟಿದೆ. ಗುರು–ಶನಿ ಯುತಿಗೆ ಇಪ್ಪತ್ತು ವರ್ಷ ಕಾಯಬೇಕು. ಆದರೆ ಶುಕ್ರ–ಗುರು ಯುತಿ ಹೆಚ್ಚುಕಡಿಮೆ ವರ್ಷಕ್ಕೊಮ್ಮೆ ಆಗುತ್ತದೆ. ಕೆಲವು ಸಂಜೆ, ಕೆಲವು ಬೆಳಗಿನ ಜಾವ, ಕೆಲವು ಸೂರ್ಯನ ಬೆಳಕಿನಲ್ಲಿ ಕಾಣದೆ. 2008ರ ಡಿಸೆಂಬರ್ 1ರ ಸಂಜೆ ಶುಕ್ರ, ಗುರು ಎರಡು ಕಣ್ಣಾಗಿ, ಕೆಳಗಿನ ಎಳೆಯ ಚಂದ್ರ ಬಾಯಿಯಾಗಿ ಆಕಾಶವೇ ನಕ್ಕಂತೆ ಕಂಡದ್ದು ಹಲವರಿಗೆ ನೆನಪಿರಬಹುದು. 2023ರ ಮಾರ್ಚಿ 1 ಮತ್ತು 2ರ ಸಂಜೆ ಹೂಮಳೆಗೆ ಕಾದು ಕುಳಿತಿದ್ದ ನಮಗೆ ಶುಕ್ರ–ಗುರು ಚಂದ್ರಬಿಂಬದಷ್ಟೇ ಎಡೆ ಬಿಟ್ಟು ನಿಂತದ್ದು ಕಂಡಿತು. ಅದೇ ತಿಂಗಳ 24ರಂದು ಚಂದ್ರ ಶುಕ್ರನನ್ನು ಕೆಲಹೊತ್ತು ಮರೆಮಾಡಿ, ಕತ್ತಲಾಗುವಾಗ ಕೊರಳಿಗೆ ಪದಕ ಕಟ್ಟಿದಂತೆ ಕೆಳಗೆ ಬಿಟ್ಟುಕೊಟ್ಟ. ನೋಡಬಯಸುವ ಸದಸ್ಯರ ಅನುಕೂಲಕ್ಕಾಗಿ ಕೆಲವು ಸೂಚನೆಗಳು:

1. ಜಾಗ ಮೊದಲು. ಮಲೆನಾಡಿನಲ್ಲಿ ಪಶ್ಚಿಮಕ್ಕೆ ಗುಡ್ಡವೋ ಮರದ ಸಾಲೋ ಅಡ್ಡ ಬರುತ್ತದೆ. ತೋಟದೊಳಗೆ ನಿಂತು ಹುಡುಕಬೇಡಿ. ಗದ್ದೆ ಬಯಲು, ಕೆರೆ ಏರಿ, ಕಾಫಿ ಕಣ, ಶಾಲೆಯ ಮೈದಾನ ಇವು ಒಳ್ಳೆಯ ಜಾಗ. ಅಂಗಳದ ವಿದ್ಯುದ್ದೀಪ ಆರಿಸಿರಿ.

2. ಸಮಯ. ಸೂರ್ಯ ಮುಳುಗಿ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ನೋಡಬೇಕು. ತಡಮಾಡಿದರೆ ಗುಡ್ಡದ ಹಿಂದೆ ಇಳಿದಿರುತ್ತದೆ. ಸೂರ್ಯ ಪೂರ್ತಿ ಮುಳುಗುವವರೆಗೆ ಬೈನಾಕ್ಯುಲರನ್ನು ಆ ಕಡೆಗೆ ತಿರುಗಿಸಲೇ ಕೂಡದು. ಕಣ್ಣು ಹೋದೀತು. ಮಕ್ಕಳ ಕೈಗೆ ಕೊಡುವಾಗ ಇದನ್ನು ಮರೆಯಬೇಡಿ.

3. ಗುರುತು. ನಕ್ಷತ್ರ ಮಿನುಗುತ್ತದೆ, ಗ್ರಹ ನಿಶ್ಚಲವಾಗಿ ಬೆಳಗುತ್ತದೆ. ಆಕಾಶದ ಅಂಚಿನಲ್ಲಿ ಮಾತ್ರ ಗ್ರಹವೂ ಸ್ವಲ್ಪ ನಡುಗೀತು. ಸೂರ್ಯ ಚಂದ್ರರು ಹೋಗುವ ದಾರಿಯ ಆಸುಪಾಸಿನಲ್ಲೇ ಗ್ರಹಗಳು ಇರುತ್ತವೆ. ನೇರ ಉತ್ತರದಲ್ಲಿ ಹುಡುಕಿದರೆ ಸಿಕ್ಕುವುದಿಲ್ಲ.

4. ಬಣ್ಣ. ಎಲ್ಲಕ್ಕಿಂತ ಬೆಳ್ಳಗೆ, ಎಲ್ಲಕ್ಕಿಂತ ಪ್ರಕಾಶವಾಗಿರುವುದು ಶುಕ್ರ, ನಮ್ಮವರ ಬೆಳ್ಳಿ ಚುಕ್ಕಿ. ಅದು ಸೂರ್ಯನಿಂದ 47 ಡಿಗ್ರಿಗಿಂತ ದೂರ ಹೋಗುವುದಿಲ್ಲ. ಆದುದರಿಂದ ಸಂಜೆ ಪಡುವಣದಲ್ಲಿ ಅಥವಾ ಮುಂಜಾವ ಮೂಡಣದಲ್ಲಿ ಮಾತ್ರ ಕಾಣುತ್ತದೆ, ನಡುರಾತ್ರಿ ನೆತ್ತಿಯ ಮೇಲೆ ಎಂದೂ ಇಲ್ಲ. ಸಾಮಾನ್ಯವಾಗಿ ಅದರ ನಂತರದ್ದು ಗುರು. ಕುಜ ಕೆಂಪು. ಶನಿ ತುಸು ಹಳದಿ.

5. ಅಳತೆ. ಕೈಯನ್ನು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಕಿರುಬೆರಳ ಅಗಲ 1 ಡಿಗ್ರಿ. ಚಂದ್ರಬಿಂಬ ಅರ್ಧ ಡಿಗ್ರಿ. ಎರಡು ಗ್ರಹ ಒಂದು ಕಿರುಬೆರಳ ಮರೆಯಲ್ಲಿ ಅಡಗಿದರೆ ಅದು ನೋಡತಕ್ಕ ಯುತಿ.

6. ಒಂದೇ ದಿನ ನೋಡಿ ಬಿಡಬೇಡಿ. ಒಂದು ವಾರ ಮೊದಲು, ಒಂದು ವಾರ ಅನಂತರ ನೋಡಿದರೆ ಯಾವುದು ಯಾವುದನ್ನು ದಾಟಿತೆಂದು ತಿಳಿಯುತ್ತದೆ. ಮೋಡ ಬಂದು ಒಂದು ಸಂಜೆ ತಪ್ಪಿದರೂ ನಷ್ಟವಿಲ್ಲ.

ಮಳೆ ಪುಸ್ತಕದಲ್ಲಿ ಇನ್ನೊಂದು ಗೆರೆ

ನಮ್ಮ ಸೀಮೆಯ ಬೆಳೆಗಾರರಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ತಲೆಮಾರುಗಳಿಂದ ಮಳೆ ಅಳೆದು ಇಂಚು, ಸೆಂಟುಗಳಲ್ಲಿ ಬರೆದಿಡುತ್ತಾರೆ. ಯಾವ ವರ್ಷ ಹೂಮಳೆ ಎಂದು ಬಂತು, ಅದರ ಹಿಂದಿನ ಮಳೆ ಎಷ್ಟು ದಿನಕ್ಕೆ ಬಂತು ಎಂದು ಕೇಳಿದರೆ ಪುಸ್ತಕ ತೆರೆದು ತೋರಿಸುತ್ತಾರೆ. ಅದೇ ಪುಸ್ತಕದಲ್ಲಿ ಸಂಜೆಯ ಆಕಾಶಕ್ಕೂ ಒಂದು ಗೆರೆ ಬಿಡಿರಿ ಎಂಬುದು ನಮ್ಮ ಸಲಹೆ. ಯಾವ ಗ್ರಹ ಯಾವುದರ ಹತ್ತಿರ ಬಂತು, ಆ ವಾರ ಮಳೆ ಬಂತೋ ಇಲ್ಲವೋ, ಎರಡನ್ನೂ ಪ್ರಾಮಾಣಿಕವಾಗಿ ಬರೆಯಿರಿ. ಹತ್ತು ವರ್ಷ ಬರೆದ ಮೇಲೆ ನಮ್ಮ ಮಾತನ್ನು ಯಾರೂ ನಂಬಬೇಕಾಗಿಲ್ಲ. ತಮ್ಮ ಪುಸ್ತಕವನ್ನೇ ನಂಬಬಹುದು.

ಗ್ರಹಗಳು ನಮ್ಮ ಅನುಕೂಲ ನೋಡಿ ಕೂಡುವುದಿಲ್ಲ. 2026ರ ಜೂನ್ 9ರ ಶುಕ್ರ–ಗುರು ಯುತಿ ಸಂಜೆಯದೇ ಆದರೂ ಮುಂಗಾರಿನ ಬಾಗಿಲಿಗೆ ಬೀಳುವಂಥದ್ದು. 2040ರ ಸೆಪ್ಟೆಂಬರ್ 8ರ ಸಂಜೆ ಬುಧ, ಶುಕ್ರ, ಕುಜ, ಗುರು, ಶನಿ ಐದೂ ಪಡುವಣದಲ್ಲಿ ಒತ್ತಾಗಿ ಕಲೆಯುತ್ತವೆ, ಎಳೆಯ ಚಂದ್ರನೂ ಜೊತೆಗಿರುತ್ತಾನೆ. ಅಂದೂ ಪ್ರಳಯದ ಮಾತು ಹೊರಡುವುದು ಖಂಡಿತ. ಅಂದೂ ಮನೆಬಾಗಿಲಿಗೆ ಬಂದು ಇದ್ದ ಅಡಿಕೆಯನ್ನು ಈಗಲೇ ಕೊಟ್ಟುಬಿಡಿ ಎನ್ನುವವರು ಇರುತ್ತಾರೆ. ಅಷ್ಟರಲ್ಲಿ ತೋಟ ನೋಡಿಕೊಳ್ಳುವವರು ಇಂದಿನ ಮಕ್ಕಳು. ಅಜ್ಜನವರ ಕಿರ್ದಿಯ ಅಂಚಿನ ಆ ಅಂಕೆಯನ್ನು ಅವರಿಗೆ ಈಗಲೇ ತೋರಿಸಿಡಬೇಕು.

2020ರಂತೆ ಗುರು–ಶನಿ ಮತ್ತೆ ಅಷ್ಟು ಹತ್ತಿರ ಬರುವುದು 2080ರ ಮಾರ್ಚಿ 15ರ ಬೆಳಗಿನ ಜಾವ. ಅಂದು ಕಣದಲ್ಲಿ ಬೈನಾಕ್ಯುಲರಿಗೆ ಕಣ್ಣಿಟ್ಟು, "ಅಜ್ಜಯ್ಯಾ, ಇದಕ್ಕೆ ಸುತ್ತ ಮರಿ ಉಂಟು" ಎಂದು ಕೂಗಿದ ಏಳು ವರ್ಷದ ಹುಡುಗಿಗೆ ಆಗ ಅರುವತ್ತಾರು ಅರುವತ್ತೇಳಾಗಿರುತ್ತದೆ. ನಾವು ಇರುವುದಿಲ್ಲ. ಅವಳು ನೋಡುತ್ತಾಳೆ. ಮೊದಲು ಟಾರ್ಪಾಲು ಹೊದಿಸಿ, ಆಮೇಲೆ ಆಕಾಶ ನೋಡಲಿ ಎಂಬುದೇ ನಮ್ಮ ಹಾರೈಕೆ.

ಮುಂದಿನ ಕೊಯ್ಲಿನ ಕಾಲದಲ್ಲಿ, ಆಕಾಶ ತಿಳಿಯಾಗಿರುವ ಒಂದು ಸಂಜೆ, ಸಂಘದ ಗೋದಾಮಿನ ಮುಂದಿನ ಬಯಲಿನಲ್ಲಿ ಸದಸ್ಯರ ಮಕ್ಕಳಿಗೆ ಗ್ರಹ ತೋರಿಸುವ ಯೋಚನೆ ಇದೆ. ಬೈನಾಕ್ಯುಲರ್ ಇದ್ದವರು ಜೊತೆಗೆ ತರಬಹುದು. ಅಷ್ಟಗ್ರಹ ಕೂಟದ ಕಾಲದ ನೆನಪು, ಹಳೆಯ ಲೆಕ್ಕ ಪುಸ್ತಕ, ಮಳೆ ಪುಸ್ತಕ ಇದ್ದ ಹಿರಿಯ ಸದಸ್ಯರು ಬರೆದು ಕಳುಹಿಸಿದಲ್ಲಿ ಸಂತೋಷದಿಂದ ಪ್ರಕಟಿಸಲಾಗುವುದು.